ವರ್ಗವಾಗದ ಚಿಟ್ಟೆ

ನಾನು ಗಿಡ ನೆಡುವವಳಲ್ಲ. ಬ್ಯಾಂಕಿನವರನ್ನು ಮದುವೆಯಾದ ಹೊಸತರಲ್ಲಿ ಒಂದೆರಡು ಊರುಗಳಲ್ಲಿ ನೆಟ್ಟು ನೋಡಿದ್ದೆ. ಮಲ್ಲಿಗೆ ಬಳ್ಳಿ ಮೊಗ್ಗು ಬಿಡುವ ಹೊತ್ತಿಗೆ ಸರಿಯಾಗಿ ವರ್ಗದ ಆದೇಶ ಬರುತ್ತಿತ್ತು. ಹೂವು ಮುಂದಿನ ಮ್ಯಾನೇಜರರ ಹೆಂಡತಿಯ ಮುಡಿಗೆ ಹೋಗುತ್ತಿತ್ತು. ಯಾರದೋ ಮುಡಿಗೆ ನಾನೇಕೆ ನೀರು ಹೊರಲಿ ಎಂದು ಹಟ ಬಂದು ಬಿಟ್ಟೇಬಿಟ್ಟೆ. ಆಮೇಲೆ ಹೋದ ಊರುಗಳಲ್ಲೆಲ್ಲ ತುಳಸಿಯೊಂದನ್ನು ಬಿಟ್ಟರೆ ನನ್ನ ಕೈಯಲ್ಲಿ ಏನೂ ಚಿಗುರಲಿಲ್ಲ.

ವಿಶಾಖಪಟ್ಟಣದ ದುವ್ವಾಡದಲ್ಲಿ ನಮಗೆ ಸಿಕ್ಕಿದ್ದು ಮಹಡಿಯ ಮೇಲಿನ ಬಾಡಿಗೆ ಮನೆ. ಕೆಳಗೆ ಮನೆಯ ಒಡತಿ. ವಯಸ್ಸು ಎಪ್ಪತ್ತರ ಆಸುಪಾಸು, ಕಣ್ಣಿಗೆ ದಪ್ಪ ಕನ್ನಡಕ, ಮಾತು ಮಾತ್ರ ಓಣಿಯ ತುದಿಗೂ ಕೇಳುವಷ್ಟು ಗಟ್ಟಿ. ಅಲ್ಲಿಯ ರೂಢಿಯಂತೆ ನಾನು ಅವರನ್ನು ‘ಪಿನ್ನಿಗಾರು’ ಎನ್ನುತ್ತಿದ್ದೆ, ಎಂದರೆ ಚಿಕ್ಕಮ್ಮನವರೇ. ಅವರು ನಲವತ್ತೈದು ದಾಟಿದ ನನ್ನನ್ನು ‘ಅಮ್ಮಾಯ್’ ಎಂದು ಲಂಗದ ಹುಡುಗಿಯನ್ನು ಕರೆಯುವಂತೆ ಕರೆಯುತ್ತಿದ್ದರು. ಚಳ್ಳಕೆರೆ ಕಡೆಯವಳಾದ್ದರಿಂದ ತೆಲುಗು ನನ್ನ ಕಿವಿಗೆ ಹೊಸದಲ್ಲ. ನಾಲಗೆಗೆ ಮಾತ್ರ ತೊಡರುತ್ತಿತ್ತು. ನಾನು ತೊಡರಿದಾಗಲೆಲ್ಲ ಪಿನ್ನಿ ನಗುತ್ತಿದ್ದರು, ನಕ್ಕು ತಿದ್ದುತ್ತಿದ್ದರು.

ಮನೆಯ ಹಿಂದೆ ಅವರದೇ ಒಂದು ಖಾಲಿ ಸೈಟು. ಕೆಂಪು ಮಣ್ಣು, ಅಲ್ಲಲ್ಲಿ ಒಡೆದ ಇಟ್ಟಿಗೆ, ಮೊಣಕಾಲುದ್ದದ ಹುಲ್ಲು, ಹುಲ್ಲಿನ ನಡುವೆ ನೆಲಕ್ಕಂಟಿ ಹರಡುವ ಕಳೆಗಳು. ಬಟ್ಟೆ ಒಣಗಿಸುವ ತಂತಿ ಅದರ ಅಂಚಿಗೇ ಇತ್ತು. ಒಂದು ಬೆಳಿಗ್ಗೆ ಕ್ಲಿಪ್ಪು ಕೈಜಾರಿ ಬಿತ್ತು ಎಂದು ಬಗ್ಗಿದೆ. ಸುಟ್ಟ ಕಾಗದದ ಬೂದಿಯ ಚೂರಿನಂಥದ್ದೊಂದು ಮೇಲೆದ್ದು, ಒಂದು ಗೇಣು ಹಾರಿ ಮತ್ತೆ ಹುಲ್ಲಿನೊಳಕ್ಕೆ ಇಳಿಯಿತು. ಬೂದಿ ಗಾಳಿಯಿಲ್ಲದೆ ಏಳುವುದುಂಟೆ ಎಂದು ಕ್ಲಿಪ್ಪು ಮರೆತು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತೆ.

ಅದು ಚಿಟ್ಟೆ. ನನ್ನ ಕಿರುಬೆರಳ ಉಗುರಿನಷ್ಟು ಕೂಡ ಇರಲಿಲ್ಲವೇನೋ. ರೆಕ್ಕೆ ಮಡಚಿ ಕೂತಿತ್ತು. ಬೂದು ಬಣ್ಣ, ಮೇಲೆ ಕಂದು ಚುಕ್ಕೆ. ಇಷ್ಟೇ ತಾನೇ ಎಂದು ಏಳಬೇಕು ಎನ್ನುವಷ್ಟರಲ್ಲಿ ಅದು ಹಿಂದಿನ ರೆಕ್ಕೆಗಳನ್ನು ಒಂದಕ್ಕೊಂದು ಮೆಲ್ಲಗೆ ಉಜ್ಜಿತು. ಬಿಸಿಲು ಆ ಅಂಚಿಗೆ ಬಿತ್ತು. ಅಂಚಿನ ಉದ್ದಕ್ಕೂ ಕಪ್ಪು ಬೊಟ್ಟುಗಳ ಸಾಲು, ಸುತ್ತ ಕಿತ್ತಳೆ ಬಣ್ಣದ ಬಳೆ, ಒಂದೊಂದು ಬೊಟ್ಟಿನೊಳಗೂ ಹಸಿರು ನೀಲಿ ಬೆರೆತ ಮಿನುಗು, ಮೂಗುಬೊಟ್ಟಿನ ಹರಳಿನ ಹಾಗೆ. ನಾನು ಉಸಿರು ಬಿಗಿಹಿಡಿದೆ. ಇಷ್ಟು ಚಿಕ್ಕ ಜೀವಕ್ಕೆ ಇಷ್ಟೊಂದು ಕುಸುರಿ ಯಾರು ನೋಡಲಿ ಎಂದು ಮಾಡಿದ್ದು? ಕಣ್ಣು ತುಂಬಿ ಬಂತು. ಅಂಥದ್ದಕ್ಕೆಲ್ಲ ಅಳುವ ಜಾತಿಯವಳಲ್ಲ ನಾನು, ಆದರೂ ಬಂತು.

ಫೋಟೋ ತೆಗೆದು, ಚಿತ್ರದುರ್ಗದಲ್ಲಿ ಪ್ರಾಣಿಶಾಸ್ತ್ರದ ಪಾಠ ಮಾಡುವ ನನ್ನ ಕಾಲೇಜು ಗೆಳತಿಗೆ ಕಳಿಸಿದೆ. ಅವಳು ಕೂಡಲೇ ಫೋನು ಮಾಡಿದಳು.

“ಗ್ರಾಸ್ ಜ್ಯುವೆಲ್ ಕಣೇ ಇದು. ನಮ್ಮ ದೇಶದಾಗೆ ಇದಕ್ಕಿಂತ ಚಿಕ್ಕ ಚಿಟ್ಟೆ ಹುಡುಕೋದು ಕಷ್ಟ.”

“ಹುಲ್ಲಿನ ಒಡವೆ ಅನ್ನು.”

“ಹ್ಞೂಂ, ಹುಲ್ಲೊಡವೆ. ನಮ್ಮೂರ ಕಾವಲಲ್ಲೂ ಐತೆ. ಚಿಕ್ಕೋಳಿದ್ದಾಗ ನೀನೇ ತುಳ್ಕೊಂಡು ಓಡಾಡಿರ್ತೀಯ.”

ಅವಳ ಮಾತು ನಿಜವೇ ಇರಬೇಕು. ನಮ್ಮೂರಿನ ಕಾವಲು ಎಂದರೆ ಕಣ್ಣು ಹಾಯುವವರೆಗೂ ಹುಲ್ಲು. ಮರವಿಲ್ಲ, ನೆರಳಿಲ್ಲ, ಹೊರಗಿನಿಂದ ಬಂದವರು ‘ಬೀಳು ಭೂಮಿ’ ಎಂದು ಮೂಗು ಮುರಿಯುತ್ತಿದ್ದರು. ಅದರೊಳಗೆ ಇಂಥ ಒಡವೆ ಇತ್ತೆಂದು ನನಗೂ ಗೊತ್ತಿರಲಿಲ್ಲ. ಅಷ್ಟು ದೊಡ್ಡ ಕಾವಲಿನಲ್ಲಿ ಕಾಣದ್ದು ಮೂರು ಕಾಂಪೌಂಡು ಗೋಡೆಗಳ ನಡುವಿನ ತುಂಡು ಜಾಗದಲ್ಲಿ ಕಂಡಿತು.

ಅಲ್ಲಿಂದ ಮುಂದೆ ನನ್ನ ಬೆಳಗುಗಳು ಆ ಸೈಟಿನ ಪಾಲಾದವು. ಮಾವನವರು ಪಂಚಾಂಗ ನೋಡಲು ಇಟ್ಟುಕೊಂಡಿದ್ದ ಭೂತಗನ್ನಡಿಯನ್ನು ಟ್ರಂಕಿನ ತಳದಿಂದ ಹುಡುಕಿ ತೆಗೆದೆ. ಹೆಣ್ಣು ಚಿಟ್ಟೆ ಮೊಟ್ಟೆ ಇಡಲು ಆರಿಸಿಕೊಳ್ಳುತ್ತಿದ್ದುದು ಒಂದೇ ಕಳೆಯನ್ನು. ನೆಲಕ್ಕೆ ಚಾಪೆ ಹಾಸಿದಂತೆ ಹಬ್ಬಿ, ಎಲೆಯ ಸಂದಿಯಲ್ಲಿ ಪುಟ್ಟ ಕೆಂಪು ಹೂ ಬಿಡುವ ಗಿಡ. ನಮ್ಮ ಕಡೆ ಅದನ್ನು ಕೆನ್ನೆಗ್ಗಿಲು ಅನ್ನುತ್ತೇವೆ. ಚಿಟ್ಟೆ ಹೂವಿನಿಂದ ಹೂವಿಗೆ ನಡೆದು, ಹೊಟ್ಟೆಯ ತುದಿ ಬಗ್ಗಿಸಿ, ಒಂದು ಮೊಗ್ಗಿಗೆ ಒಂದು ಮೊಟ್ಟೆಯಂತೆ ತಾಕಿಸಿ ಹೋಗುತ್ತಿತ್ತು. ಮೊಟ್ಟೆ ಗಸಗಸೆಗಿಂತಲೂ ಸಣ್ಣದು, ತಿಳಿ ಹಸಿರು. ಭೂತಗನ್ನಡಿಯಲ್ಲಿ ನೋಡಿದರೆ ಅದರ ಮೈಮೇಲೆ ಜಾಲರಿಯ ಕೆತ್ತನೆ. ಬರಿಗಣ್ಣಿಗೆ ಕಾಣದಷ್ಟು ಸಣ್ಣದಕ್ಕೂ ಕೆತ್ತನೆ! ನಾನು ಯಾರಿಗಾದರೂ ಹೇಳಬೇಕೆಂದು ಅತ್ತಿತ್ತ ನೋಡಿದೆ, ಓಣಿಯಲ್ಲಿ ತರಕಾರಿ ಗಾಡಿಯವನು ಬಿಟ್ಟರೆ ಯಾರೂ ಇರಲಿಲ್ಲ.

ಮೊಟ್ಟೆಯೊಡೆದು ಬಂದ ಹುಳವನ್ನು ನನಗೆ ತೋರಿಸಿಕೊಟ್ಟದ್ದು ಇರುವೆಗಳು. ಮೊಗ್ಗಿನದೇ ಹಸಿರು, ಮೊಗ್ಗಿನದೇ ಗಾತ್ರ. ನಾನೇ ಹುಡುಕಿದ್ದರೆ ಜನ್ಮದಲ್ಲಿ ಸಿಗುತ್ತಿರಲಿಲ್ಲ. ಒಂದು ಮೊಗ್ಗಿನ ಸುತ್ತ ನಾಲ್ಕಾರು ಇರುವೆಗಳು ಬಿಡದೆ ಸುತ್ತುತ್ತಿದ್ದವು, ಏನೆಂದು ನೋಡಿದರೆ ಮೊಗ್ಗೇ ತೆವಳಿತು. ಇರುವೆ ತನ್ನ ಮೀಸೆಯಿಂದ ಹುಳದ ಬೆನ್ನನ್ನು ತಟ್ಟುತ್ತದೆ, ಹುಳ ಬೆನ್ನಿನಿಂದ ಒಂದು ಸಣ್ಣ ಹನಿ ಕೊಡುತ್ತದೆ, ಇರುವೆ ಕುಡಿಯುತ್ತದೆ. ಸಿಹಿ ಹನಿ ಎಂದು ಗೆಳತಿ ಹೇಳಿದಳು. ಅದಕ್ಕೆ ಬದಲಾಗಿ ಇರುವೆಗಳು ಹುಳದ ಕಾವಲಿಗೆ ನಿಲ್ಲುತ್ತವಂತೆ. ಜೇಡವೊಂದು ಹತ್ತಿರ ಬಂದಾಗ ಅವು ಒಟ್ಟಾಗಿ ನುಗ್ಗಿ ಅಟ್ಟಿದ್ದನ್ನು ನಾನೇ ಕಣ್ಣಾರೆ ಕಂಡೆ. ಬೇರೆ ಹುಳ ಸಿಕ್ಕರೆ ಹರಿದು ಮುಕ್ಕುವ ಇರುವೆ ಇಲ್ಲಿ ಆಯಾ ಆಗಿ ನಿಂತಿದೆ. ಈ ಒಪ್ಪಂದ ಯಾವ ಕಾಲದಲ್ಲಿ, ಯಾವ ಹುಲ್ಲಿನ ಬುಡದಲ್ಲಿ ಆಗಿದ್ದೋ. ನಮ್ಮ ಜನ ರುಜು ಹಾಕಿದ ಕಾಗದವನ್ನೇ ಮೀರುವಾಗ ಇವು ಮಾತೇ ಇಲ್ಲದೆ ನಡೆಸಿಕೊಂಡು ಬಂದಿವೆ.

ಆಮೇಲೆ ಹುಳ ಎಲೆಯ ಅಡಿಗೆ ಸರಿದು, ಸೊಂಟಕ್ಕೆ ಒಂದು ಎಳೆ ಬಿಗಿದುಕೊಂಡು, ಕೋಶವಾಗಿ ಸುಮ್ಮನಾಯಿತು. ವಾರದ ಮೇಲೊಂದು ಬೆಳಿಗ್ಗೆ ಕೋಶ ಕಪ್ಪಾಗಿತ್ತು. ಸತ್ತಿತೆಂದು ಪೇಚಾಡುತ್ತ ಕೂತಿದ್ದಾಗಲೇ ಅದು ಸೀಳಿತು. ಒದ್ದೆ ಮುದ್ದೆಯೊಂದು ಹೊರಗೆ ಬಂದು ಹುಲ್ಲಿನ ಎಳೆ ಹಿಡಿದು ತೂಗಿತು. ಮುದ್ದೆ ಸ್ವಲ್ಪ ಸ್ವಲ್ಪವಾಗಿ ಬಿಚ್ಚಿಕೊಂಡಿತು, ರೆಕ್ಕೆಯಾಯಿತು, ಅಂಚಿನ ಹರಳುಗಳು ಒಂದೊಂದಾಗಿ ಹೊತ್ತಿಕೊಂಡವು. ಮಹಡಿಯ ಮೇಲೆ ನನ್ನ ಕುಕ್ಕರು ಕೂಗಿ ಕೂಗಿ ಸೋತಿತು. ಪಿನ್ನಿ ಸೀದ ವಾಸನೆಗೆ ಹೊರಬಂದವರು ಹುಲ್ಲಿನಲ್ಲಿ ಬಗ್ಗಿ ಕೂತ ನನ್ನನ್ನು ಕಂಡು ಗಾಬರಿಯಾದರು.

“ಏಮೈಂದಿ ಅಮ್ಮಾಯ್? ಏನಾಯ್ತು, ತಲೆ ಸುತ್ತಿತಾ?”

“ಇಲ್ಲ ಪಿನ್ನೀ, ಚಿಟ್ಟೆ ಹುಟ್ತಾ ಇದೆ. ಇಲ್ಲಿ ನೋಡಿ.”

“ಎಕ್ಕಡ? ಎಲ್ಲಿ?” ಎಂದು ಅವರು ಸೊಂಟ ಹಿಡಿದು ಬಗ್ಗಿದರು. ಕನ್ನಡಕ ತೆಗೆದು ನೋಡಿದರು, ಹಾಕಿ ನೋಡಿದರು. ಭೂತಗನ್ನಡಿ ಕೊಟ್ಟೆ, ಅದರಲ್ಲಿ ಅವರಿಗೆ ಹುಲ್ಲೇ ಹಗ್ಗದಷ್ಟು ದಪ್ಪ ಕಂಡಿತು. ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆದ ಮೇಲೂ ಸಣ್ಣದು ಅವರಿಗೆ ಕಾಣುತ್ತಿರಲಿಲ್ಲ. “ಎಲ್ಲೂ ಇಲ್ಲ. ನಿನ್ನ ಅನ್ನ ಹೊತ್ತಿದ್ದು ಮಾತ್ರ ಚೆನ್ನಾಗಿ ಗೊತ್ತಾಗ್ತಿದೆ” ಎಂದು ಬೈದು ಒಳಹೋದರು. ಆಮೇಲೂ ಎಷ್ಟೋ ಸಲ ತೋರಿಸಲು ನೋಡಿದೆ. ಒಮ್ಮೆಯೂ ಅವರಿಗೆ ಕಾಣಲಿಲ್ಲ.

ಆ ಸೈಟಿನಲ್ಲಿ ಹುಲ್ಲೊಡವೆ ಉಳಿದುಕೊಂಡದ್ದಕ್ಕೆ ಕಾರಣವೂ ತಡವಾಗಿ ತಿಳಿಯಿತು. ವರ್ಷಾವರ್ಷ ಸಂಕ್ರಾಂತಿಯ ಮುಂಚೆ ಎಮ್ಮೆ ಸಾಕಿದವನೊಬ್ಬ ಬಂದು ಕುಡುಗೋಲಿನಲ್ಲಿ ಹುಲ್ಲು ಕೊಯ್ದುಕೊಂಡು ಹೋಗುತ್ತಿದ್ದನಂತೆ. ಉದ್ದ ಹುಲ್ಲು ಹೋದರೆ ನೆಲಕ್ಕಂಟಿದ ಕೆನ್ನೆಗ್ಗಿಲಿಗೆ ಬಿಸಿಲು ಸಿಗುತ್ತದೆ. ಕೊಯ್ಯದೇ ಬಿಟ್ಟಿದ್ದರೆ ಪೊದೆ ಮುಚ್ಚಿ ಅದು ಸಾಯುತ್ತಿತ್ತು, ಅದರೊಂದಿಗೆ ಚಿಟ್ಟೆಯೂ. ನಾವು ಬಂದ ವರ್ಷ ಅವನು ಎಮ್ಮೆಗಳನ್ನು ಮಾರಿಬಿಟ್ಟಿದ್ದ. ಅಕ್ಕಪಕ್ಕದವರು ಪಿನ್ನಿಗೆ ‘ಗಡ್ಡಿ ಮಂದು’ ಹೊಡೆಸಿ ಎಂದರು. ಗಡ್ಡಿ ಎಂದರೆ ಹುಲ್ಲು, ಮಂದು ಎಂದರೆ ಔಷಧಿ. ಹುಲ್ಲನ್ನು ಬೇರುಸಹಿತ ಸುಡುವ ವಿಷಕ್ಕೆ ಔಷಧಿಯೆಂಬ ಹೆಸರು. ಓಣಿಯ ಬೇರೆ ಸೈಟುಗಳಿಗೆಲ್ಲ ಅದು ಬಿದ್ದಾಗಿತ್ತು. ಮನೆಗಳ ಮುಂದೆ ಸಿಮೆಂಟು, ಹಿಂದೆ ಸಿಮೆಂಟು. ನಾನು ಒಂದೊಂದೇ ಖಾಲಿ ಜಾಗದಲ್ಲಿ ಬಗ್ಗಿ ಬಗ್ಗಿ ಹುಡುಕಿದೆ, ರೈಲು ನಿಲ್ದಾಣದ ದಾರಿಯುದ್ದಕ್ಕೂ ಹುಡುಕಿದೆ. ಹುಲ್ಲೊಡವೆ ಇನ್ನೆಲ್ಲೂ ಸಿಗಲಿಲ್ಲ.

ಪಿನ್ನಿಯ ಹತ್ತಿರ ಕಡ್ಡಿ ಮುರಿದಂತೆ ಹೇಳಿದೆ. “ಕುಡುಗೋಲು ಎಷ್ಟಾದರೂ ಆಡಿಸಿ, ಔಷಧಿ ಮಾತ್ರ ಬೇಡ.”

“ಪಾಮುಲು ವಸ್ತಾಯಿ” ಎಂದರು. ಹಾವು ಬರುತ್ತದೆ ಎಂದು.

“ಬಂದರೆ ನಾನು ಅಟ್ಟುತ್ತೇನೆ.”

“ನೀನಾ? ಜಿರಲೆ ಕಂಡು ನಿನ್ನ ಗಂಡನನ್ನು ಆಫೀಸಿನಿಂದ ಕರೆಸಿದವಳು!” ಎಂದು ನಕ್ಕು, “ಸರಿ, ನೀನಿರುವವರೆಗೂ ಹೊಡೆಸಲ್ಲ” ಎಂದರು. ಆ ವರ್ಷ ಕುಡುಗೋಲಿನವನನ್ನು ನಾನೇ ಹುಡುಕಿ ತಂದೆ.

ನೀನಿರುವವರೆಗೂ. ಮಾತು ಸಿಕ್ಕ ಖುಷಿಯಲ್ಲಿ ಅದರ ಕೊನೆ ಎಲ್ಲಿದೆ ಎಂದು ಯೋಚಿಸಲಿಲ್ಲ. ಮರುವರ್ಷ ಮೊದಲ ಮಳೆ ಬಿದ್ದು ಸೈಟೆಲ್ಲ ಹಸಿರಾಗಿ, ಚಿಟ್ಟೆಗಳು ಹಿಂದೆಂದೂ ಕಾಣದಷ್ಟು ಎದ್ದಿದ್ದಾಗ ಆದೇಶ ಬಂತು. ವಿಜಯವಾಡ. ಇಷ್ಟು ವರ್ಷ ಎಷ್ಟೋ ಊರು ಬಿಟ್ಟಿದ್ದೇನೆ; ಪಾತ್ರೆ ಕಟ್ಟಿ ಲಾರಿಗೆ ಹೇರಿ ಹಿಂತಿರುಗಿಯೂ ನೋಡದೆ ಬಂದವಳು ನಾನು. ಈ ಸಲ ಮೊದಲ ಬಾರಿಗೆ ನನ್ನದೆನ್ನುವುದೊಂದು ಹಿಂದೆ ಉಳಿಯುತ್ತಿತ್ತು, ಅದು ಉಳಿಯುವುದೇ ನನ್ನ ಮೇಲೆ ನಿಂತಿತ್ತು.

ನಮ್ಮವರ ಬಗ್ಗೆ ಒಂದು ಮಾತು ಇಲ್ಲಿ ಹೇಳಬೇಕು. ಚಾರ್ಜ್ ಒಪ್ಪಿಸುವುದೆಂದರೆ ಅವರಿಗೆ ಪೂಜೆ. ಬ್ಯಾಂಕಿನ ಬೀಗದ ಕೈಯಷ್ಟೇ ಅಲ್ಲ, ಬಾಡಿಗೆ ಮನೆಯನ್ನೂ ಹಾಗೆಯೇ ಒಪ್ಪಿಸಬೇಕು. ಏಕೆಂದರೆ ನಮ್ಮ ಮನೆಗೆ ಬರುವವರು ಸಾಮಾನ್ಯವಾಗಿ ಅವರ ಜಾಗಕ್ಕೆ ಬರುವ ಅಧಿಕಾರಿಯೇ. ನಲ್ಲಿ ತೊಟ್ಟಿಕ್ಕಬಾರದು, ಗೋಡೆಯ ಮೊಳೆಯ ತೂತಿಗೆ ಸುಣ್ಣ ಮೆತ್ತಿರಬೇಕು, ಬಲ್ಬುಗಳೆಲ್ಲ ಉರಿಯಬೇಕು. ಬೇರೆ ಊರುಗಳಲ್ಲಿ ಈ ಗುಣಕ್ಕೆ ನಾನು ಹೆಮ್ಮೆಪಟ್ಟದ್ದೂ ಉಂಟು.

ಮನೆ ನೋಡಲು ನಾನು ವಿಜಯವಾಡಕ್ಕೆ ಹೋದೆ. ಕಾಲುವೆಯ ದಂಡೆಯ ಬೀದಿಗಳಲ್ಲಿ ಬೇಯುವ ಸೆಕೆಯಲ್ಲಿ ಸುತ್ತಿ ಒಂದು ಅಪಾರ್ಟ್‌ಮೆಂಟ್ ಒಪ್ಪಿಕೊಂಡು ರೈಲು ಹತ್ತಿದೆ. ದುವ್ವಾಡದಲ್ಲಿ ಇಳಿದು ಮನೆಗೆ ಬಂದಾಗ ಸಂಜೆಯ ಬೆಳಕಿನ್ನೂ ಇತ್ತು. ಗೇಟು ತೆಗೆಯುತ್ತಿದ್ದಂತೆ ಔಷಧಿಯ ವಾಸನೆ ಹೊಡೆಯಿತು. ಹಿಂದಕ್ಕೆ ಓಡಿದೆ. ಸೈಟಿನ ಆಚೆ ಅರ್ಧ ಒದ್ದೆಯಾಗಿ, ಮಂಕಾಗಿ, ಎಲೆಗಳು ಆಗಲೇ ಜೋತು ಬಿದ್ದಿದ್ದವು. ಈಚೆ ಅರ್ಧ ಮಾತ್ರ ಹಾಗೇ ಇತ್ತು. ತಂತಿಯ ಕಂಬ ಹಿಡಿದು ನಿಂತೆ.

ನಮ್ಮವರು ಮಹಡಿಯಿಂದ ಇಳಿದು ಬಂದರು, ಮುಖ ಸಣ್ಣದಾಗಿತ್ತು. “ಹೊಸ ಆಫೀಸರಿಗೆ ಚಿಕ್ಕ ಮಕ್ಕಳಿದಾವಂತೆ ಕಣೇ. ಹಿತ್ತಲು ಹಿಂಗೆ ಬಿಟ್ಟು ಹೋದ್ರೆ ನಾಳೆ ಏನಂತಾರೆ ಅಂತ…”

“ಚಿಟ್ಟೆ ಇರೋದು ಗೊತ್ತಿರಲಿಲ್ವಾ ನಿಮಗೆ?”

“ಗೊತ್ತಿತ್ತು. ರೆಕ್ಕೆ ಇದಾವಲ್ಲ, ಬೇರೆ ಕಡೆ ಹಾರ್ಕೊಂಡು ಹೋಗ್ತವೆ ಅಂದ್ಕೊಂಡೆ. ನಾವು ಹೋಗ್ತಿಲ್ವಾ?”

ನನಗೆ ಪಿತ್ತ ನೆತ್ತಿಗೇರಿತು. “ನಮಗೆ ಲಾರಿ ಬರುತ್ತೆ ರೀ! ಹೋದ ಕಡೆ ಮನೆ ಸಿಗುತ್ತೆ. ಅವು ಹಾರೋದೇ ಒಂದು ಗೇಣು. ಆ ಗೋಡೆ ಆಚೆ ಬರೀ ಸಿಮೆಂಟು. ಮೊಟ್ಟೆಗೆ ರೆಕ್ಕೆ ಇದಾವಾ? ಹುಳಕ್ಕೆ ಇದಾವಾ?” ಎಂದು ಓಣಿಗೆಲ್ಲ ಕೇಳುವಂತೆ ಕೂಗಾಡಿದೆ. ಅವರು ಕೆಟ್ಟವರಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಗಂಟು ಕಟ್ಟಿ ಕಟ್ಟಿ, ಜಗತ್ತಿನ ಎಲ್ಲ ಜೀವಕ್ಕೂ ವರ್ಗವಾಗುತ್ತದೆ ಎಂದು ನಂಬಿಬಿಟ್ಟಿದ್ದರು ಅಷ್ಟೆ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದರು.

ಉಳಿದರ್ಧದ ಕಥೆಯನ್ನು ಅವರೇ ತಲೆ ತಗ್ಗಿಸಿ ಹೇಳಿದರು. ಪಿನ್ನಿ ಭೀಮುನಿಪಟ್ಟಣದಲ್ಲಿದ್ದ ತಂಗಿಯ ಮನೆಗೆ ಹೋಗಿದ್ದರಂತೆ. ಅವರು ಬರುವಷ್ಟರಲ್ಲಿ ಮುಗಿಸಿ ಖುಷಿಪಡಿಸೋಣ ಎಂದು ಪಂಪಿನವನನ್ನು ಕರೆಸಿದ್ದಾರೆ. ಪಿನ್ನಿ ಬೇಗ ಬಂದುಬಿಟ್ಟರು. ಆಟೋದಿಂದ ಇಳಿದವರು ಚಪ್ಪಲಿ ಬಿಚ್ಚದೆ ಹಿಂದಕ್ಕೆ ಹೋಗಿ, ಪಂಪಿನ ಕೊಳವೆಯ ಎದುರಿಗೇ ನಿಂತುಬಿಟ್ಟರು. “ನಮ್ಮ ರೀಜನಲ್ ಮ್ಯಾನೇಜರೂ ನನಗೆ ಹಂಗೆ ಬೈದಿಲ್ಲ” ಎಂದರು ನಮ್ಮವರು. ಆ ಹೊತ್ತಿನಲ್ಲೂ ನನಗೆ ನಗು ಬಂತು, ನಗುತ್ತಲೇ ಅತ್ತೆ.

ಮರುದಿನ ಬೆಳಿಗ್ಗೆ ಬಿಸಿಲು ಏರುವುದನ್ನೇ ಕಾದು ಉಳಿದರ್ಧಕ್ಕೆ ಹೋಗಿ ಕೂತೆ. ಆಚೆ ಬದಿ ಅಷ್ಟರಲ್ಲಿ ಹಳದಿಗೆ ತಿರುಗಿತ್ತು. ವಿಷದ ಗಾಳಿ ಎಷ್ಟು ದೂರ ಬಂದಿದೆಯೋ ಗೊತ್ತಿರಲಿಲ್ಲ. ತುಂಬ ಹೊತ್ತು ಏನೂ ಏಳಲಿಲ್ಲ. ಇರುವೆಗಳೂ ಕಾಣಲಿಲ್ಲ. ನಾನು ಯಾವ ದೇವರನ್ನು ನೆನೆದೆನೋ, ಬಾಯಿಗೆ ಬಂದವರನ್ನೆಲ್ಲ ನೆನೆದೆ. ಕೊನೆಗೆ ಗೋಡೆಯ ಬುಡದ ಕೆನ್ನೆಗ್ಗಿಲಿನ ಹತ್ತಿರ ಒಂದು ಚೂರು ಬೂದು ಎದ್ದು ಕೂತಿತು. ಆಮೇಲೆ ಇನ್ನೊಂದು. ಎರಡೂ ಒಂದನ್ನೊಂದು ಸುತ್ತುತ್ತ ನನ್ನ ಮೊಣಕಾಲಿನ ಎತ್ತರಕ್ಕೂ ಬಾರದೆ ಹುಲ್ಲಿನೊಳಗೇ ಆಡಿದವು. ಪಕ್ಕದಲ್ಲೇ ಸಾವು ಒಣಗುತ್ತ ಬಿದ್ದಿದ್ದರೂ ಅವುಗಳಿಗೆ ಅಂದಿನ ಬಿಸಿಲು ಸಾಕಾಗಿತ್ತು. ಇಷ್ಟು ಸಣ್ಣ ಮೈಯಲ್ಲಿ ಬದುಕು ಇಷ್ಟು ಗಟ್ಟಿಯಾಗಿ ಹೇಗೆ ಕೂತಿರುತ್ತದೆ ಎಂದು ಈಗಲೂ ನನಗೆ ಅರ್ಥವಾಗಿಲ್ಲ.

ಹೊರಡುವ ದಿನ ಪಿನ್ನಿಯ ಕೈ ಹಿಡಿದುಕೊಂಡೆ. ಮಾತು ಕೊಡಿ ಎಂದು ಕೇಳಬೇಕೆಂದಿದ್ದೆ, ಬಾಯಿ ಬರಲಿಲ್ಲ. ಜಾಗ ಅವರದು, ಹಾವಿನ ಹೆದರಿಕೆ ಅವರದು, ನಾಳೆ ಮನೆ ಕಟ್ಟಿಸುವ ಹಕ್ಕೂ ಅವರದು. ನಾನಿರುವವರೆಗೆ ಎಂಬ ಮಾತು ಅಂದಿಗೆ ಮುಗಿದಿತ್ತು. ಅವರು ದಾರಿಗೆಂದು ಪುಳಿಯೋಗರೆ ಕಟ್ಟಿಕೊಟ್ಟರು, ಲಾರಿಯವನಿಗೆ ನಿಧಾನ ಓಡಿಸೆಂದು ಗದರಿದರು. ಹುಲ್ಲಿನ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ.

ವಿಜಯವಾಡದ ಮನೆ ಐದನೇ ಮಹಡಿಯಲ್ಲಿದೆ. ಕೆಳಗೆ ನೋಡಿದರೆ ಕಾರುಗಳು, ದೂರದಲ್ಲಿ ಕೃಷ್ಣೆಯ ಒಂದು ತುಂಡು. ಸಂಕ್ರಾಂತಿ ಹತ್ತಿರ ಬಂದಂತೆ ನನಗೆ ಊಟ ಸೇರಲಿಲ್ಲ. ಪಿನ್ನಿಗೆ ಫೋನು ಮಾಡಲು ಭಯ. ಔಷಧಿ ಹೊಡೆಸಿದೆ ಎಂದು ಅವರು ಸಹಜವಾಗಿ ಹೇಳಿಬಿಟ್ಟರೆ ಎಂಬ ಭಯ. ಒಂದು ಶನಿವಾರ ಅವರೇ ಮಾಡಿದರು. ಸಿಂಹಾಚಲಂ ಬೆಟ್ಟದ ಗುಡಿಗೆ ಹೋಗಿ ಬಂದು ಆಗಷ್ಟೇ ಕೂತಿದ್ದರಂತೆ, ಇನ್ನೂ ಏದುಸಿರು. ಹೊಸ ಬಾಡಿಗೆಯವರು ಹಿಂದಿನ ಜಾಗಕ್ಕೆ ಸಿಮೆಂಟು ಹಾಕಿಸಿ, ಕಾರು ನಿಲ್ಲಿಸಬೇಕು ಎಂದು ಕೇಳಿದರಂತೆ.

“ನೀವೇನಂದ್ರಿ ಪಿನ್ನೀ?”

“ಆಗಲ್ಲ ಅಂದೆ. ಕುಡುಗೋಲಿನವನು ಬಂದು ಕೊಯ್ದು ಹೋದ. ಸುಟ್ಟ ಕಡೆಯೂ ಒಂದೊಂದು ಚಿಗುರು ಬಂದಿದೆ, ಅದನ್ನು ಮುಟ್ಟಬೇಡ ಅಂತ ಪಕ್ಕದಲ್ಲೇ ನಿಂತು ಹೇಳಿದೆ.”

“ಚಿಟ್ಟೆ ಕಾಣಿಸ್ತಾ ನಿಮಗೆ?”

“ಎಲ್ಲಿ ಕಾಣುತ್ತೆ ಅಮ್ಮಾಯ್? ಇವತ್ತಿನವರೆಗೂ ಕಂಡಿಲ್ಲ.”

“ಮತ್ತೆ… ಒಮ್ಮೆಯೂ ನೋಡದೆ ಇರೋದಕ್ಕೆ ಯಾಕೆ ಇಷ್ಟೆಲ್ಲ?”

ಆ ಕಡೆ ಅವರು ನೀರು ಕುಡಿದ ಸದ್ದು ಕೇಳಿತು.

“ನಮ್ಮ ಬೆಟ್ಟದ ದೇವರು, ಅಪ್ಪನ್ನಸ್ವಾಮಿಯನ್ನು ನಾನು ನೋಡಿದ್ದೀನಾ? ವರ್ಷವೆಲ್ಲ ಗಂಧದೊಳಗೆ ಮುಚ್ಚಿಕೊಂಡಿರ್ತಾನೆ. ನಿಜರೂಪ ತೋರಿಸೋದು ವರ್ಷಕ್ಕೆ ಒಂದೇ ದಿನ, ಆವತ್ತಿನ ನೂಕುನುಗ್ಗಲಲ್ಲಿ ನನಗೆ ಒಂದು ಸಲವೂ ಒಳಗೆ ಹೋಗಲಾಗಲಿಲ್ಲ. ಹಾಗಂತ ಬೆಟ್ಟ ಹತ್ತೋದು ಬಿಟ್ಟೆನಾ?” ಎಂದರು. ಆಮೇಲೆ, “ನೋಡಿದವಳು ನೀನಿದ್ದೀಯಲ್ಲ, ಸಾಕು” ಎಂದು ಫೋನಿಟ್ಟರು.